2914 ದಿನ ಆರದ ಪೆಟ್ಟಿಗೆ

ಜೀಪು ಎರಡನೇ ಸಲ ಗುದ್ದಿತು!

ಮೊದಲ ಗುದ್ದಿಗೆ ನನ್ನ ಬೈಕಿನ ಹಿಂದಿನ ದೀಪ ಹೋಗಿತ್ತು. ಎರಡನೆಯದಕ್ಕೆ ಮಡ್‌ಗಾರ್ಡ್ ಹೋಯಿತು. ಸೀಟಿಗೆ ರಬ್ಬರ್ ಟ್ಯೂಬಿನಿಂದ ಬಿಗಿದಿದ್ದ ಎರಡು ಬ್ಯಾಟರಿ ಮಾತ್ರ ಅಲ್ಲಾಡಲಿಲ್ಲ. ಒಂದೊಂದೂ ಇಪ್ಪತ್ತು ಕಿಲೋ.

ಬೆಳಿಗ್ಗೆ ಒಂಬತ್ತೂವರೆ. ಚಳ್ಳಕೆರೆ ಬಿಟ್ಟು ಹತ್ತು ನಿಮಿಷ.

ಹೆಲ್ಮೆಟ್ಟಿನೊಳಗೆ ಸಿಕ್ಕಿಸಿದ್ದ ಫೋನು ಮಾತಾಡುತ್ತಲೇ ಇತ್ತು.

"ನಾಯ್ನಾ, ಎಲ್ಲಿದ್ದೀಯಪ್ಪಾ?"

"ಬರ್ತಾ ಇದೀನಿ ಅಕ್ಕಾ. ಯುಪಿಎಸ್‌ನಾಗೆ ಎಷ್ಟು ಕಡ್ಡಿ ಚಾರ್ಜ್ ಐತೆ?"

"ಮೂರು... ಒಂದು ಮಿಣಕ್ ಮಿಣಕ್ ಅಂತೈತೆ."

"ಬಾಗ್ಲು?"

"ಚಿಲಕ ಹಾಕೀನಿ."

"ಯಾರು ಕರೆದ್ರೂ ತೆಗೀಬ್ಯಾಡ!"

"ಒಂದಕ್ಕೆ ಅರ್ಜೆಂಟ್ ಆದ್ರೆ?"

"ತಡ್ಕಳಕ್ಕಾ!"

ಅವಳು ಓಬಕ್ಕ. ಐವತ್ತಾರು ವರ್ಷ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವಳು. ಆ ಹೊತ್ತಿನಲ್ಲಿ ನೇಕಾರರ ಸೊಸೈಟಿಯ ಮೂಲೆ ಕೋಣೆಯಲ್ಲಿ ಒಂದು ಕಂಪ್ಯೂಟರಿನ ಜೊತೆ ತನ್ನನ್ನು ತಾನೇ ಕೂಡಿಹಾಕಿಕೊಂಡಿದ್ದಳು.

ಆ ಕಂಪ್ಯೂಟರ್ ಆರಿದರೆ ಅವಳು ಕಳ್ಳಿ. ಆರದಿದ್ದರೆ ಅಲ್ಲ.

ಅಷ್ಟೇ ಕತೆ. ನೀವು ನಗಬಹುದು. ನಗಿ. ನನಗೇನೂ ಅನ್ನಿಸುವುದಿಲ್ಲ.

ನನ್ನ ಹೆಸರು ಅಂಜನ್. ಚಳ್ಳಕೆರೆ ಬಸ್ ಸ್ಟ್ಯಾಂಡ್ ಹಿಂದೆ ಅಂಗಡಿ. ಎಣ್ಣೆ ಮಿಲ್ಲುಗಳ ಸಿಸಿಟಿವಿ ನನ್ನದೇ. ಯಾರ ಫೋನಿಗೆ ಯಾರು ಕನ್ನ ಹಾಕಿದರು, ಯಾರ ಫೋಟೋ ಯಾರು ಕದ್ದರು... ಹುಡುಕಿ ಕೊಡುತ್ತೇನೆ. ಪೊಲೀಸರು ಬೇಡ ಅನ್ನುವವರು ನನ್ನ ಹತ್ತಿರ ಬರುತ್ತಾರೆ. ಪೊಲೀಸರೇ ಬೇಡ ಅಂತ ವಾಪಸ್ ಕಳಿಸಿದವರೂ ಬರುತ್ತಾರೆ.

ಆ ಸೊಸೈಟಿಯ ಪೆಟ್ಟಿಗೆ ನನಗೆ ಗೊತ್ತು. ಸರ್ವರ್ ಅನ್ನುತ್ತಾರೆ. ಆರುನೂರ ಹನ್ನೆರಡು ನೇಕಾರರ ಹೆಸರು, ನಂಬರು, ಯಾವ ಸೀರೆ ಯಾವತ್ತು ಮಗ್ಗದಿಂದ ಇಳಿಯಿತು... ಎಲ್ಲವೂ ಅದರ ಹೊಟ್ಟೆಯಲ್ಲಿ. ಕೈಮಗ್ಗದ ಲೇಬಲ್ಲನ್ನು ಪ್ರಿಂಟ್ ಮಾಡಿ ಕೊಡುವುದೂ ಅದೇ. ಆ ಲೇಬಲ್ ಇದ್ದರೆ ಸೀರೆ ಮೊಳಕಾಲ್ಮುರಿನದು. ಇಲ್ಲದಿದ್ದರೆ ಬರೀ ಬಟ್ಟೆ.

ಅಧ್ಯಕ್ಷರು ಮುರುಗೇಂದ್ರಪ್ಪನವರು. ಚಳ್ಳಕೆರೆಯ ವ್ಯಾಪಾರದ ಮನೆತನ. ಒಂದು ದಿನವೂ ಮಗ್ಗಕ್ಕೆ ಇಳಿದವರಲ್ಲ. ಅವರಿಗೆ ಒಂದು ಹೆಮ್ಮೆ. ಕೋಣೆಯ ಹೊರಗೆ ಕಪ್ಪು ಹಲಗೆ. ಅದರ ಮೇಲೆ ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ತಮ್ಮ ಕೈಯಾರೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ.

'ನಮ್ಮ ಸರ್ವರ್ ನಿಲ್ಲದೆ ನಡೆದ ದಿನಗಳು: 2,914.'

ಎಂಟು ವರ್ಷ! ಒಂದು ಸಲವೂ ಆರಿಸಿಲ್ಲ. ಕರೆಂಟ್ ಹೋದರೆ ಯುಪಿಎಸ್. ಅದು ಸೋತರೆ ಅಂಗಳದ ಜನರೇಟರ್. ಬಂದ ಸಾಹೇಬರೆಲ್ಲ ಹಲಗೆಯ ಪಕ್ಕ ನಿಂತು ಫೋಟೋ ಹೊಡೆಸಿಕೊಂಡರು.

ಆದರೆ ಆರಿಸದ ಪೆಟ್ಟಿಗೆಗೆ ಪ್ಯಾಚ್ ಹಾಕಲಾಗುವುದಿಲ್ಲ. ಪ್ಯಾಚ್ ಅಂದರೆ ತೇಪೆ. ಎಲ್ಲಿ ತೂತು ಬಿದ್ದಿದೆ, ಕಳ್ಳ ಎಲ್ಲಿಂದ ನುಗ್ಗಬಹುದು ಅಂತ ಕಂಪನಿಯವರೇ ಹುಡುಕಿ ತಿಂಗಳಿಗೊಮ್ಮೆ ತೇಪೆ ಕಳಿಸುತ್ತಾರೆ. ಹಾಕಿದ ಮೇಲೆ ಒಮ್ಮೆ ಆರಿಸಿ ಹೊತ್ತಿಸಬೇಕು. ಐದು ನಿಮಿಷದ ಕೆಲಸ.

ಐದು ನಿಮಿಷ ಆರಿಸಿದರೆ ಹಲಗೆಯ ಮೇಲೆ ಸೊನ್ನೆ!

ನಾನು ಇಪ್ಪತ್ತಾರು ಪತ್ರ ಬರೆದೆ. ರಿಜಿಸ್ಟರ್ಡ್ ಪೋಸ್ಟ್. ಸೊಸೈಟಿಯ ಕಾರ್ಯದರ್ಶಿ ರವಿಕಿರಣ್ ಪ್ರತಿ ಸಲ ಅದೇ ಉತ್ತರ ಕೊಟ್ಟ. "ಓಡ್ತಾ ಇರೋ ಎತ್ತಿಗೆ ಯಾಕ್ಲೇ ಡಾಕ್ಟ್ರು?"

ಈಗ ಹಿಂದೆ ಜೀಪಿನಲ್ಲಿ ಬರುತ್ತಿದ್ದವನು ಅವನೇ. ಓಡಿಸುತ್ತಿದ್ದವನು ಅವನ ಆಳು ಮುದ್ದಪ್ಪ.

ಮೂರನೇ ಗುದ್ದಿಗೆ ಕಾಯಲಿಲ್ಲ. ಹೆದ್ದಾರಿ ಬಿಟ್ಟು ನಾಯಕನಹಟ್ಟಿ ಕಡೆ ಬೈಕು ತಿರುಗಿಸಿದೆ.

ಹಿಂದಿನ ದಿನ ಮಧ್ಯಾಹ್ನ ಓಬಕ್ಕ ನನ್ನ ಅಂಗಡಿಗೆ ಬಂದಿದ್ದಳು. ಕೈಯಲ್ಲಿ ಸೊಸೈಟಿಯ ನೋಟೀಸು. ಬಳ್ಳಾರಿ ಕಡೆಯ ಒಂದು ಗೋದಾಮಿನಲ್ಲಿ ಪವರ್‌ಲೂಮ್ ಸೀರೆ ಸಿಕ್ಕಿದ್ದವು. ಇನ್ನೂರ ಹನ್ನೆರಡು. ಎಲ್ಲದರ ಮೇಲೂ ಕೈಮಗ್ಗದ ಲೇಬಲ್. ಎಲ್ಲ ಲೇಬಲ್ಲಿನ ಮೇಲೂ ಓಬಕ್ಕನ ನಂಬರು.

"ಲೇಬಲ್ ಮಾರ್ಕೊಂಡಿದ್ದೀಯ ಅಂತಾರಪ್ಪ. ನಾಳೆ ಹನ್ನೊಂದೂವರೆಗೆ ದುರ್ಗದಿಂದ ಮೇಡಮ್ಮು ಬರ್ತಾರಂತೆ ತನಿಖೆಗೆ. ಮಗ್ಗ ಕಿತ್ಕೊಂಡು ಜೈಲಿಗೆ ಹಾಕ್ತಾರಂತೆ. ನೇಕಾರ್ರ ಕಾರ್ಡು ಆಗ್ಲೇ ಕಿತ್ಕೊಂಡ್ರು."

"ಲೇಬಲ್ ಯಾವತ್ತು ಪ್ರಿಂಟ್ ಆಗಿದಾವೆ? ತಾರೀಕು ಕೊಟ್ಟಾರಾ?"

ಪಟ್ಟಿ ಕೊಟ್ಟಳು. ಜೊತೆಗೆ ಗೋಡೆಯಿಂದ ಕಿತ್ತು ತಂದ ಎರಡು ವರ್ಷದ ಕ್ಯಾಲೆಂಡರು.

"ನೀನೇ ನೋಡು. ಇದು ಅಮಾಸಿ. ಇದೂ ಅಮಾಸಿ. ಇದೂನೂ... ಅಮಾಸಿ ದಿನ ನಮ್ಮೂರಾಗೆ ಒಂದು ಲಾಳಿ ಓಡಲ್ಲ ಕಣಪ್ಪಾ. ಆವತ್ತು ಮಗ್ಗದ ಗುಂಡಿ ಬಳೀತೀವಿ. ಸಡ್ಲ ಆದ ಹಗ್ಗ ಬಿಗೀತೀವಿ. ಸವೆದಿದ್ದು ಬದಲಿಸ್ತೀವಿ. ಮಗ್ಗಕ್ಕೂ ಒಂದು ದಿನ ಬ್ಯಾಡ್ವಾ?"

ಇಪ್ಪತ್ತಾರು ಪತ್ರದಲ್ಲಿ ನಾನು ಬರೆದದ್ದನ್ನು ಅವಳು ಒಂದು ಉಸಿರಿನಲ್ಲಿ ಹೇಳಿದಳು.

ಹದಿನಾಲ್ಕು ಅಮಾವಾಸ್ಯೆ. ಇನ್ನೂರ ಹನ್ನೆರಡು ಲೇಬಲ್. ಬೇರೆ ಒಂದು ತಾರೀಕೂ ಇಲ್ಲ.

ಕಳ್ಳನ ಲೆಕ್ಕ ಸರಳ. ಅಮಾವಾಸ್ಯೆ ದಿನ ಸೊಸೈಟಿಗೆ ಬೀಗ. ಪ್ರಿಂಟರ್ ಓಡಿದರೆ ಕೇಳುವವರಿಲ್ಲ. ಆದರೆ ಸೊಸೈಟಿಗೆ ಯಾಕೆ ಬೀಗ ಅಂತ ಅವನು ಒಂದು ದಿನವೂ ಕೇಳಲಿಲ್ಲ. ರಜಾ ಅಂದುಕೊಂಡ. ಎಂಟು ವರ್ಷ ನೇಕಾರರ ಅನ್ನ ತಿಂದವನಿಗೆ ಮಗ್ಗ ಯಾವತ್ತು ನಿಲ್ಲುತ್ತದೆ ಅಂತ ಗೊತ್ತಿಲ್ಲ!

"ಇದನ್ನ ಹೇಳಿದ್ಯಾ ಅವರಿಗೆ?"

"ಹೇಳ್ದೆ. ಅಮಾಸಿ ಕತೆ ಸಾಕ್ಷಿ ಆಗಲ್ಲ, ಕಂಪ್ಯೂಟ್ರು ಹೇಳಿದ್ದೇ ಸಾಕ್ಷಿ ಅಂದ್ರು."

ಸರಿ. ಹಾಗಾದರೆ ಕಂಪ್ಯೂಟರೇ ಹೇಳಲಿ.

ಅವತ್ತೇ ಸಂಜೆ ಅವಳ ಜೊತೆ ಮೊಳಕಾಲ್ಮುರಿಗೆ ಹೋದೆ. ಮುರುಗೇಂದ್ರಪ್ಪನವರು ಎರಡು ನಿಮಿಷ ಒಳಗೆ ಬಿಟ್ಟರು. "ನೋಡು ಅಷ್ಟೇ. ನಿಲ್ಲಿಸಿಗಿಲ್ಲಿಸೀಯ, ಹುಷಾರ್!"

ಪಾಸ್‌ವರ್ಡ್ ಬೇಕಾಗಲಿಲ್ಲ. ಸ್ಕ್ರೀನು ಎಂಟು ವರ್ಷದಿಂದ ತೆರೆದೇ ಇತ್ತು. ಲಾಗ್‌ಔಟ್ ಮಾಡಿದರೂ ಎಲ್ಲಿ ನಿಂತುಹೋಗುತ್ತದೋ ಅಂತ ಹೆದರಿಕೆ ಅವರಿಗೆ.

ಎರಡು ನಿಮಿಷ ಸಾಕಾಯಿತು. ಒಳಗೆ ಯಾವನೋ ಬಿಟ್ಟ ಕಳ್ಳ ಪ್ರೋಗ್ರಾಮು ಓಡುತ್ತಿತ್ತು. ಡಿಸ್ಕಿನಿಂದ ತನ್ನನ್ನು ತಾನೇ ಅಳಿಸಿಕೊಂಡಿತ್ತು. ಮೆಮೊರಿಯಲ್ಲಿ ಮಾತ್ರ ಜೀವ. ನಾಲ್ಕು ವರ್ಷದ ಹಿಂದೆಯೇ ತೇಪೆ ಬಂದಿದ್ದ ಒಂದು ತೂತಿನಿಂದ ನುಗ್ಗಿತ್ತು. ಓಬಕ್ಕನ ನಂಬರಿನಲ್ಲಿ ಲೇಬಲ್ ಹೊಡೆಯುತ್ತಿತ್ತು. ಅದು ಮಾತಾಡುತ್ತಿದ್ದದ್ದು ರಾಂಪುರದ ಒಂದು ಕನೆಕ್ಷನ್ ಜೊತೆ.

ರಾಂಪುರದಲ್ಲಿ ರವಿಕಿರಣನ ಬಟ್ಟೆ ಗೋದಾಮಿದೆ. ಆ ಕನೆಕ್ಷನ್ ಎಳೆದವನು ನಾನೇ.

ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತೇ ಲೇಬಲ್ ಹೊಡೆದಿದ್ದರೆ ಅವನ ಹೆಸರು ಬರುತ್ತಿತ್ತು. ತೂತಿನಿಂದ ಹೊಡೆದರೆ ಓಬಕ್ಕನ ಹೆಸರು. ಅದಕ್ಕೇ ತೂತು ಹಾಗೇ ಇರಬೇಕಿತ್ತು. ಅದಕ್ಕೇ ಎತ್ತಿಗೆ ಡಾಕ್ಟರು ಬೇಡವಾಗಿತ್ತು.

ಕಾಪಿ ಮಾಡಿಕೊಳ್ಳಲಿಲ್ಲ ಯಾಕೆ ಅಂತ ಕೇಳಬೇಡಿ. ನಾನು ಮಾಡಿದರೆ ಅದು ನನ್ನ ಕಾಪಿ. ನೀನೇ ಹುಟ್ಟಿಸಿದ್ದು ಅನ್ನುತ್ತಾರೆ. ತನಿಖೆಯ ಮೇಡಂ ತಮ್ಮ ಕಣ್ಣಾರೆ ನೋಡಿ, ತಮ್ಮ ಕೈಯಾರೆ ತೆಗೆದುಕೊಂಡರೆ ಅದು ಸಾಕ್ಷಿ. ಅಲ್ಲಿಯವರೆಗೆ ಪೆಟ್ಟಿಗೆ ಆರಬಾರದು. ಆರಿದರೆ ಮೆಮೊರಿ ಖಾಲಿ. ಓಬಕ್ಕ ಕಳ್ಳಿ.

ಬೆಳಿಗ್ಗೆ ಎಂಟೂಮುಕ್ಕಾಲಿಗೆ ರವಿಕಿರಣ್ ಫೋನ್ ಮಾಡಿದ. ಜೇನು ಸುರಿಯುವ ದನಿ.

"ಅಂಜನ್, ನಿನ್ನ ಮಾತೇ ಸರಿ ಕಣೋ. ಸೆಕ್ಯೂರಿಟಿ ಮುಖ್ಯ. ಇವತ್ತೇ ಪ್ಯಾಚ್ ಹಾಕಿ ರೀಸ್ಟಾರ್ಟ್ ಮಾಡಾನ."

ಎಂಟು ವರ್ಷದಲ್ಲಿ ಮೊದಲ ಸಲ!

"ಹನ್ನೊಂದೂವರೆ ಮೇಲೆ ಮಾಡಾನ," ಅಂದೆ.

ಈಗ ಅವನ ದನಿಯಲ್ಲಿ ಜೇನಿರಲಿಲ್ಲ.

"ನೋಡಿದ್ಯಾ ಹಂಗಾದ್ರೆ... ಅಂಗಡಿ ಬಿಟ್ಟು ಕದಲಬ್ಯಾಡಲೇ. ಬಿಸಿಲು ಜಾಸ್ತಿ ಐತೆ."

ಒಂಬತ್ತಕ್ಕೆ ಓಬಕ್ಕನ ಫೋನು. ನಾನು ಹೇಳಿದ್ದಂತೆ ಬೆಳಿಗ್ಗೆಯೇ ಹೋಗಿ ಆ ಕೋಣೆಯಲ್ಲಿ ಕೂತಿದ್ದಳು. ಕರೆಂಟ್ ಹೋಯಿತಂತೆ. ಪಕ್ಕದ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿದೆಯಂತೆ. ರವಿಕಿರಣನ ಕಡೆಯವರು ಕಂಬದ ಮೇಲಿನ ಸೊಸೈಟಿಯ ಫ್ಯೂಸು ಕಿತ್ತಿದ್ದರು; ಹಾಕಲು ಲೈನ್‌ಮನ್ ಮಧ್ಯಾಹ್ನಕ್ಕೇ ಬರುವುದು. ಜನರೇಟರಿನ ಪೈಪು ಕೊಯ್ದು ಡೀಸೆಲ್ ಅಂಗಳದ ಮಣ್ಣಿಗೆ ಹರಿಸಿದ್ದರು. ಉಳಿದದ್ದು ಯುಪಿಎಸ್. ಎರಡೂವರೆ ಗಂಟೆ, ಅದೂ ದೇವರು ದೊಡ್ಡವನಾದರೆ.

ಬ್ಯಾಟರಿ ಕಟ್ಟಿಕೊಂಡು ಹೊರಟೆ.

ಜೀಪು ನನ್ನ ಎಡಪಕ್ಕಕ್ಕೇ ಬಂತು. ಮುದ್ದಪ್ಪ ಸ್ಟೇರಿಂಗ್ ಹಿಡಿದಿದ್ದ. ಅವನ ಹಿಂದಿನ ಕಿಟಕಿಯಿಂದ ರವಿಕಿರಣನ ಅರ್ಧ ಮೈ ಹೊರಗೆ. ಕೈಯಲ್ಲಿ ಕಬ್ಬಿಣದ ರಾಡು.

"ಲೇ ಅಂಜಾ! ನಿಲ್ಸಲೇ! ಒಬ್ಬ ಮುದುಕಿಗೋಸ್ಕರ ಯಾಕ್ ಸಾಯ್ತೀಯಾ!"

"ಮುದುಕಿ ಅಂದಿದ್ದು ಅಕ್ಕಂಗೆ ಕೇಳಿಸ್ತು! ಫೋನು ಆನ್ ಐತೆ!"

ಹೆಲ್ಮೆಟ್ಟಿನೊಳಗೆ ಓಬಕ್ಕ ತೆಲುಗಿನಲ್ಲಿ ಅವನ ಮೂರು ತಲೆಮಾರು ತೊಳೆಯುತ್ತಿದ್ದಳು.

ರಾಡು ಬೀಸಿದ. ಎಡಗೈ ಮೇಲೆ.

ಸದ್ದು ಕೇಳಿಸಿತು. ನೋವು ಕೇಳಿಸಲಿಲ್ಲ. ಬೆರಳು ಮಡಚಿದೆ, ಮಡಚಲಿಲ್ಲ. ಯಾರದೋ ಕೈಯನ್ನು ನನ್ನ ಹೆಗಲಿಗೆ ನೇತುಹಾಕಿದ ಹಾಗಿತ್ತು. ಕ್ಲಚ್ ಹಿಡಿಯುವ ಕೈ ಅದು. ಕ್ಲಚ್ಚಿಲ್ಲದೆಯೇ ಗೇರು ಒದ್ದೆ. ಬೈಕು ಕಿರುಚಿತು.

ನನ್ನ ಬದಲು ಅದಾದರೂ ಕಿರುಚಲಿ.

ಕುದಾಪುರ ಬಂತು. ಒಂದು ಕಾಲದಲ್ಲಿ ಇಲ್ಲಿ ಬರೀ ಹುಲ್ಲು. ಕುರಿ ಹೋದದ್ದೇ ದಾರಿ. ಆ ಹುಲ್ಲುಗಾವಲಿನಲ್ಲಿ ಬೈಕು ಇಳಿಸಿದರೆ ಯಾವ ಜೀಪೂ ಹಿಡಿಯುತ್ತಿರಲಿಲ್ಲ. ಈಗ ಗೋಡೆ. ಕಣ್ಣು ಹರಿದಷ್ಟೂ ಗೋಡೆ, ಮೇಲೆ ಮುಳ್ಳುತಂತಿ. ವಿಜ್ಞಾನ ಬಂತು. ಕುರಿ ಸುತ್ತಿಕೊಂಡು ಹೋಗುತ್ತವೆ.

ಓಡಲು ಜಾಗವಿಲ್ಲ. ಸರಿ... ಗೋಡೆಗೇ ಕೆಲಸ ಕೊಟ್ಟೆ!

ಒಂದು ಸರ್ಕಾರಿ ಸಂಶೋಧನಾ ಕ್ಯಾಂಪಸ್ಸಿನ ಗೇಟಿಗೆ ನೇರ ನುಗ್ಗಿಸಿದೆ. ಬಂದೂಕು ಎದ್ದವು. ಗೇಟಿನ ಹವಾಲ್ದಾರ ನನ್ನನ್ನು ಗುರುತಿಸಿದ. ಅಲ್ಲಿ ಕೇಬಲ್ ಎಳೆಯುವ ಗುತ್ತಿಗೆ ಕೂಲಿ ಮಾಡಿದ್ದೆ, ಆರು ವರ್ಷ.

"ಲೇ ಅಂಜನ್! ನಿನ್ನ ಕಾಂಟ್ರಾಕ್ಟ್ ಮುಗ್ದು ಮೂರು ವರ್ಷ ಆತಲ್ಲೋ!"

"ಕೆಲ್ಸಕ್ಕೆ ಬಂದಿಲ್ಲ ಸಾರ್! ಹಿಂದೆ ಜೀಪಲ್ಲಿರೋರು ನಿಮ್ಮ ಗೋಡೆ ಪಕ್ಕ ಕಬ್ಬಿಣದ ರಾಡು ಹಿಡ್ಕೊಂಡು ಓಡಾಡ್ತಾ ಐದಾರೆ!"

ಅಷ್ಟೇ ಸಾಕು. ನಾಲ್ಕು ಬಂದೂಕು ಜೀಪಿನ ಕಡೆ ತಿರುಗಿದವು. ರವಿಕಿರಣನ ಕೈಯಲ್ಲಿ ರಾಡು ಇನ್ನೂ ಇತ್ತು. ದಡ್ಡ... ಬಿಸಾಡಲು ಮರೆತಿದ್ದ.

"ಇಳೀರಿ ಕೆಳಗೆ! ಐಡಿ ತೋರಿಸ್ರಿ!"

ನಾನು ಬೈಕು ಹೊರಳಿಸಿದೆ. ತಳಕು, ಹಾನಗಲ್, ಮೊಳಕಾಲ್ಮುರು. ಒಂದೇ ಕೈ. ಒಂದೇ ಗೇರು.

"ಅಕ್ಕಾ, ಎಷ್ಟು ಕಡ್ಡಿ?"

"ಒಂದು... ಈಗ ಕುಂಯ್ ಕುಂಯ್ ಅಂತೈತೆ ನಾಯ್ನಾ. ಹಸ್ಗೂಸು ಅತ್ತಂಗೆ."

ಹನ್ನೊಂದು ಐದಕ್ಕೆ ಸೊಸೈಟಿ ಮುಟ್ಟಿದೆ. ಮೂಲೆ ಕೋಣೆಯ ಹೊರಗೆ ಮುರುಗೇಂದ್ರಪ್ಪನವರು ಬಾಗಿಲು ಬಡಿಯುತ್ತಿದ್ದರು. ಕಣ್ಣಲ್ಲಿ ನೀರು.

"ಎರಡು ಸಾವಿರದ ಒಂಬೈನೂರು ದಿನ ಕಣಯ್ಯಾ! ಹೆಂಗಾದ್ರೂ ಉಳಿಸು!"

ಓಬಕ್ಕನ ಮಗ್ಗ, ಓಬಕ್ಕನ ಜೈಲು... ಅವರ ಬಾಯಲ್ಲಿ ಒಂದೂ ಬರಲಿಲ್ಲ. ಆದರೂ ಒಂದು ಬ್ಯಾಟರಿ ಅವರೇ ಹೊತ್ತರು.

ಚಿಲಕ ತೆರೆಯಿತು. ನನ್ನ ಎಡಗೈ ನೋಡಿ ಓಬಕ್ಕ ಬಾಯಿಗೆ ಸೆರಗು ಇಟ್ಟಳು.

"ಆಮೇಲೆ ಅಳುವಂತೆ. ವೈರು ಹಿಡಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ತಪ್ಪಿದ್ರೆ ಇಬ್ರೂ ಬೂದಿ."

"ಎಳೆಗೆ ಎಳೆ ಸೇರ್ಸೋದು ನಂಗೇ ಹೇಳ್ಕೊಡ್ತೀಯಾ? ಸರಿ ಅತ್ಲಾಗೆ."

ನಾಲ್ಕು ತುದಿ. ಅವಳಿಗೆ ಒಂದು ನಿಮಿಷ. ಒಂದು ಕಿಡಿ ಹಾರಲಿಲ್ಲ.

ಕುಂಯ್ ನಿಂತಿತು. ಕಡ್ಡಿ ಎರಡಾಯಿತು.

ಅಷ್ಟರಲ್ಲಿ ಜೀಪಿನ ಸದ್ದು. ಗೇಟಿನವರು ಬಿಟ್ಟುಬಿಟ್ಟಿದ್ದರು. ರಾಡು ಮಾತ್ರ ಇಟ್ಟುಕೊಂಡಿರಬೇಕು. ರವಿಕಿರಣ್ ಬರಿಗೈಲಿ ಬಂದ. ಹಿಂದೆ ಮುದ್ದಪ್ಪ.

"ಅಧ್ಯಕ್ಷರೇ, ಪಕ್ಕಕ್ಕೆ ಬನ್ರಿ. ಸರ್ವರಿಗೆ ವೈರಸ್ ಬಂದೈತೆ. ಈಗಿಂದೀಗ ಆರಿಸಿ ಪ್ಯಾಚ್ ಹಾಕ್ಬೇಕು. ಇವನೇ ಇಪ್ಪತ್ತಾರು ಪತ್ರ ಬರ್ದಿದ್ದಾನೆ, ಕೇಳ್ರಿ!"

ಮುರುಗೇಂದ್ರಪ್ಪನವರು ನನ್ನನ್ನು ನೋಡಿದರು. "ಹೌದೇನಯ್ಯಾ?"

ಹೌದು. ಅವನು ಹೇಳಿದ ಒಂದೊಂದು ಮಾತೂ ನಿಜ. ನಾನು ಎಂಟು ವರ್ಷ ಬಾಯಿ ಬಡಿದುಕೊಂಡ ಮಾತುಗಳು. ಕಳ್ಳನ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳುತ್ತವೆ!

"ಹನ್ನೊಂದೂವರೆಗೆ," ಅಂದೆ. "ಒಂದು ನಿಮಿಷ ಮುಂಚೆ ಇಲ್ಲ."

ಮುದ್ದಪ್ಪ ನನ್ನ ಕಾಲರ್ ಹಿಡಿದು ಗೋಡೆಗೆ ಒತ್ತಿದ. ರವಿಕಿರಣ್ ಯುಪಿಎಸ್ ಸ್ವಿಚ್ಚಿಗೆ ಕೈ ಚಾಚಿದ.

ಓಬಕ್ಕ ಅದರ ಮೇಲೆ ಕೂತಳು.

ಸುಮ್ಮನೆ... ಸೀರೆ ಸರಿಮಾಡಿಕೊಂಡು, ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತಳು.

"ಎದ್ದೇಳಮ್ಮಾ!"

"ನೀನೇ ಎಬ್ಸು. ಮುಟ್ಟು ನೋಡಾನ. ಬೀದಿ ತುಂಬ ನಮ್ಮೋರೇ ಐದಾರೆ. ಒಂದು ಕೂಗು ಹಾಕ್ಲಾ?"

ಕಿಟಕಿಯಲ್ಲಿ ಆಗಲೇ ಮುಖಗಳು. ಲಾಳಿ ಬಿಟ್ಟು ಬಂದವರು. ರವಿಕಿರಣನ ಕೈ ಗಾಳಿಯಲ್ಲೇ ನಿಂತಿತು.

ಇಪ್ಪತ್ತು ನಿಮಿಷ ಯಾರೂ ಅಲ್ಲಾಡಲಿಲ್ಲ. ಕಡ್ಡಿ ಮತ್ತೆ ಒಂದಕ್ಕೆ ಇಳಿಯಿತು. ನನ್ನ ಬ್ಯಾಟರಿಗಳೂ ಹಳೆಯವೇ.

ತನಿಖಾಧಿಕಾರಿ ದಾಕ್ಷಾಯಿಣಿ ಬಂದರು. ಸಣ್ಣ ಆಕಾರ, ದಪ್ಪ ಕನ್ನಡಕ. ಒಂದು ಸಲ ಸುತ್ತ ನೋಡಿದರು.

"ಇದೇನ್ರೀ ಸರ್ಕಸ್ಸು? ಆ ಮನುಷ್ಯನ ಕಾಲರ್ ಬಿಡ್ರಿ. ನೀವು ಅದರ ಮೇಲೇ ಕೂತಿರಿ ತಾಯಿ. ತೋರಿಸಪ್ಪಾ, ಏನದು?"

ತೋರಿಸಿದೆ. ಅವರೇ ಡ್ರೈವ್ ಸಿಕ್ಕಿಸಿದರು. ಅವರೇ ಕೀ ಒತ್ತಿದರು. ಮೆಮೊರಿ ಇಳಿಯತೊಡಗಿತು. ರಾಂಪುರದ ವಿಳಾಸ ಸ್ಕ್ರೀನಿನ ಮೇಲೆ ಅಷ್ಟಗಲ. ಕಾವಲಿಗೆ ಇಬ್ಬರು ಪೊಲೀಸರು ಬಂದಿದ್ದರು. ಅವರು ರವಿಕಿರಣನ ಎರಡೂ ಪಕ್ಕ ನಿಂತರು. ಮುದ್ದಪ್ಪ ಯಾವಾಗಲೋ ಮಾಯವಾಗಿದ್ದ.

"ನೇಕಾರರ ಪಟ್ಟಿಯನ್ನೂ ಕಾಪಿ ಮಾಡ್ಲಾ?" ಮೇಡಂ ಕೇಳಿದರು.

ನಾನು ಕಡ್ಡಿ ನೋಡಿದೆ. ಮಿಣುಕುತ್ತಿತ್ತು.

"ಪಟ್ಟಿ ಡಿಸ್ಕಿನಾಗೈತೆ ಮೇಡಂ. ಆರಿದ್ರೂ ಎಲ್ಲೂ ಹೋಗಲ್ಲ. ಮೊದಲು ಇದು ಮುಗೀಲಿ."

ಈ ಮಾತು ನೆನಪಿಟ್ಟುಕೊಳ್ಳಿ. ನಾನೇ ಆಡಿದ್ದು.

ನೂರು ಪರ್ಸೆಂಟ್ ಆಯಿತು. ಮೇಡಂ ಡ್ರೈವ್ ಕಿತ್ತು ಕವರಿಗೆ ಹಾಕಿ ಮೊಹರು ಹಾಕಿದರು. ಮೂರು ನಿಮಿಷಕ್ಕೆ ಯುಪಿಎಸ್ ಸತ್ತಿತು. ಪೆಟ್ಟಿಗೆಯ ಫ್ಯಾನಿನ ಗುಂಯ್ ಅನ್ನುವುದು ನಿಂತಿತು. ಎಂಟು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಬೀದಿಯ ಮಗ್ಗದ ಸದ್ದು ಕೇಳಿಸಿತು.

ಮುರುಗೇಂದ್ರಪ್ಪನವರು ನೆಲಕ್ಕೆ ಕುಸಿದರು.

ಲೈನ್‌ಮನ್ ಬಂದ ಮೇಲೆ ಫ್ಯೂಸು ಹಾಕಿಸಿದೆ. ಸ್ವಿಚ್ ಒತ್ತಿದೆ.

ಕಟ್... ಕಟ್... ಕಟ್...

ಮತ್ತೆ ಒತ್ತಿದೆ.

ಕಟ್... ಕಟ್...

ಎಂಟು ವರ್ಷ ಬಿಡದೆ ತಿರುಗಿದ ಡಿಸ್ಕು. ತಣ್ಣಗಾಗುವುದು ಹೇಗೆಂದು ಅದಕ್ಕೆ ಗೊತ್ತಿರಲಿಲ್ಲ. ನಿಂತದ್ದು ಮತ್ತೆ ಏಳಲಿಲ್ಲ. ಇಂಥವು ಏಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಹದಿನೇಳನೇ ಪತ್ರದಲ್ಲಿ ಬರೆದೂ ಇದ್ದೆ. ಬೇಕಾದ ಹೊತ್ತಿನಲ್ಲಿ ಮರೆತೆ.

"ಬ್ಯಾಕಪ್ ಎಲ್ಲಿ ಸಾರ್?" ಅಂದೆ.

ಮುರುಗೇಂದ್ರಪ್ಪನವರು ತಲೆ ಎತ್ತಿದರು. "ಬ್ಯಾಕಪ್ ಯಾಕಪ್ಪಾ? ಅದು ನಿಂತೇ ಇರ್ಲಿಲ್ಲವಲ್ಲ!"

"ಹಳೇ ಪುಸ್ತಕ? ರಿಜಿಸ್ಟರು?"

"ಕಂಪ್ಯೂಟ್ರು ಬಂದ ವರ್ಷಾನೇ ರದ್ದಿಗೆ ಹಾಕಿದ್ವಿ."

ಆರುನೂರ ಹನ್ನೆರಡು ಜನ. ಒಂದು ಕಟ್ ಸದ್ದು. ಡಿಸ್ಕನ್ನು ಬೆಂಗಳೂರಿಗೆ ಕಳಿಸಿದರು. ಏನೂ ತೆಗೆಯಲಾಗದು ಅಂತ ವಾಪಸ್ ಬಂತು.

ರವಿಕಿರಣ್ ಜೈಲಿಗೆ ಹೋದ. ಓಬಕ್ಕ ಕಳ್ಳಿ ಅಲ್ಲ ಅಂತ ಸರ್ಕಾರದ ಮೊಹರು ಬಿತ್ತು. ನನ್ನ ಎಡಗೈಯ ಎರಡು ಬೆರಳು ಈಗಲೂ ನನ್ನವಲ್ಲ. ಬಿಸಿ ಚಹಾ ಲೋಟ ಹಿಡಿದರೆ ಗೊತ್ತಾಗುವುದಿಲ್ಲ.

ತಿಂಗಳಾದ ಮೇಲೆ ಸೊಸೈಟಿಗೆ ಹೊಸ ಪೆಟ್ಟಿಗೆ ಬಂತು. ನೇಕಾರರೆಲ್ಲ ಹೊಸದಾಗಿ ಅರ್ಜಿ ಹಾಕಬೇಕು. ನೇಕಾರರು ಅನ್ನುವುದಕ್ಕೆ ದಾಖಲೆ ಕೊಡಬೇಕು. ಕಾರ್ಡು ಇದ್ದವರು ಸರಿ. ಓಬಕ್ಕನ ಕಾರ್ಡು ಇರಲಿಲ್ಲ. ಅದು ಕೋರ್ಟಿನಲ್ಲಿ. ರವಿಕಿರಣನ ಕೇಸಿಗೆ ಸಾಕ್ಷಿ.

ಕಿಟಕಿಯ ಒಳಗೆ ಕಂಪ್ಯೂಟರಿನ ಮುಂದೆ ಕೂತವನು ನಾನೇ. ನನ್ನನ್ನು ಬಿಟ್ಟರೆ ಈ ಕೆಲಸ ಬರುವವರು ಈ ತಾಲ್ಲೂಕಿನಲ್ಲಿ ಇಲ್ಲವಂತೆ.

ಸಾಲು ಕರಗಿ ಓಬಕ್ಕನ ಸರದಿ ಬಂತು. ದಾಖಲೆ ಸೇರಿಸದೆ ಸ್ಕ್ರೀನು ಮುಂದಕ್ಕೆ ಹೋಗಲಿಲ್ಲ. ಎರಡು ಸಲ ಒತ್ತಿದೆ. ಹೋಗಲಿಲ್ಲ.

"ದಾಖಲೆ ಏನೈತಕ್ಕಾ?"

ಅವಳು ಕಿಟಕಿಯೊಳಗೆ ಎರಡೂ ಕೈ ಚಾಚಿದಳು. ನಲವತ್ತು ವರ್ಷ ರೇಷ್ಮೆ ಎಳೆಯೇ ಕೊಯ್ದು ಗೀರಿದ ಬೆರಳುಗಳು.

"ಇವು ಸಾಲ್ವೇನಪ್ಪಾ?"

ನೋಡಿದೆ. ಇನ್ನೊಮ್ಮೆ ಒತ್ತಿದೆ. ಹೋಗಲಿಲ್ಲ.

"ಜೆರಾಕ್ಸ್ ಬೇಕಕ್ಕಾ... ಎರಡು ಸೆಟ್."